ಬೇಸಿಗೆ ಮನೆಗಿರಲಿ, ಗುಡ್ಡಕ್ಕೆ ಕಾರ್ತಿಕ ಬರಲಿ

ಏಪ್ರಿಲ್ ಎರಡನೇ ವಾರ ರಜೆ ಬಿದ್ದ ಕೂಡಲೇ ಶಿರಸಿ, ಸಿದ್ದಾಪುರ, ಸಾಗರ, ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡುಗಳಲ್ಲಿ ಬೆಂಗಳೂರು ಬಸ್ಸಿನಿಂದ ಇಳಿಯುವ ಹುಡುಗ-ಹುಡುಗಿಯರನ್ನು ನೋಡಿ. ಕೈಯಲ್ಲಿ ಸೂಟ್‌ಕೇಸು ಇರುವುದಿಲ್ಲ, ಬೆನ್ನ ಮೇಲೆ ಐವತ್ತು ಲೀಟರಿನ ಚಾರಣದ ಚೀಲ ಇರುತ್ತದೆ. ಅಜ್ಜನ ಮನೆಯಲ್ಲಿ ನಾಲ್ಕು ದಿನ ಇದ್ದು, ಅಲ್ಲಿಂದಲೇ ಕುಮಾರ ಪರ್ವತವನ್ನೋ ಕುದುರೆಮುಖವನ್ನೋ ಹತ್ತಿ ಬರುವ ಲೆಕ್ಕಾಚಾರ ಅವರದು. ಆಸೆ ಒಳ್ಳೆಯದೇ, ಕಾಲ ಮಾತ್ರ ತಪ್ಪಿದೆ. ಬೇಸಿಗೆ ನಮ್ಮ ಘಟ್ಟದ ಗುಡ್ಡಗಳನ್ನು ಹತ್ತುವ ಕಾಲವಲ್ಲ, ಹತ್ತುವುದಕ್ಕೆ ತಯಾರಾಗುವ ಕಾಲ. ಆ ತಯಾರಿಗೆ ಹಳ್ಳಿಮನೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಯಾಕೆಂದರೆ ಏಪ್ರಿಲ್-ಮೇ ತಿಂಗಳಲ್ಲಿ ಮಲೆನಾಡಿನ ಮನೆ ತಾನೇ ಒಂದು ದೂರದ ಪ್ರಯಾಣಕ್ಕೆ ಗಂಟು ಕಟ್ಟುತ್ತಿರುತ್ತದೆ, ನಾಲ್ಕು ತಿಂಗಳ ಮಳೆಗಾಲವನ್ನು ದಾಟುವ ಪ್ರಯಾಣಕ್ಕೆ.

ಮೊದಲು ಗುಡ್ಡದ ಮಾತು. ನಮ್ಮಲ್ಲಿ ಚಾರಣ ಎಂದಾಗ ಬಾಯಿಗೆ ಬರುವ ಹೆಸರು ಕುಮಾರ ಪರ್ವತ, ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಪುಷ್ಪಗಿರಿ ವನ್ಯಜೀವಿಧಾಮದೊಳಗಿನ ಈ ಶಿಖರದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಗಿರಿಗದ್ದೆಯವರೆಗೂ ದಟ್ಟ ಕಾಡು, ಬೇರು-ಕಲ್ಲುಗಳ ಏರು, ಮೈತುಂಬ ನೆರಳು. ಗಿರಿಗದ್ದೆ ದಾಟಿದ ಮೇಲೆ ಹುಲ್ಲಿನ ಬೋಳುಗುಡ್ಡ. ಅಲ್ಲಿಂದ ಶೇಷಪರ್ವತದತ್ತ ಹೋಗುವಾಗ ತಲೆಯ ಮೇಲೆ ನೆರಳೆಂಬುದೇ ಇಲ್ಲ. ಘಟ್ಟದ ಎತ್ತರದ ಗುಡ್ಡಗಳೆಲ್ಲ ಹೆಚ್ಚುಕಡಿಮೆ ಹೀಗೇ: ಕಣಿವೆಯ ಸಂದಿಯಲ್ಲಿ ಶೋಲಾ ಕಾಡು, ನೆತ್ತಿಯ ಮೇಲೆ ಹುಲ್ಲು. ಮಳೆ ಮುಗಿದಾಗ ಹಸಿರು ಕಂಬಳಿ ಹೊದ್ದ ಆ ಹುಲ್ಲು ಫೆಬ್ರವರಿ ಹೊತ್ತಿಗೆ ಒಣಗಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಫೋಟೋದಲ್ಲಿ ಬಹಳ ಚೆಂದ ಕಾಣುತ್ತದೆ. ಒಂದು ಬೀಡಿ ತುಂಡು ಸಾಕು, ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ.

ಗುಡ್ಡದ ಬೆಂಕಿ ಬಯಲಿನ ಬೆಂಕಿಯ ಹಾಗಲ್ಲ. ಅದು ಮೇಲ್ಮುಖವಾಗಿ ಓಡುತ್ತದೆ. ಕೆಳಗಿನ ಜ್ವಾಲೆಯ ಬಿಸಿಗಾಳಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಅಗ್ನಿಶಾಮಕರು ಬಳಸುವ ಒಂದು ಒರಟು ಲೆಕ್ಕ. ಚಾರಣಿಗರು ಹೆದರಿ ಓಡುವುದೂ ಸಾಮಾನ್ಯವಾಗಿ ಮೇಲಕ್ಕೇ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಹೀಗೆಯೇ ಬೆಂಕಿ ಚಾರಣಿಗರ ತಂಡವೊಂದನ್ನು ಸುತ್ತುವರಿಯಿತು. 20ಕ್ಕೂ ಹೆಚ್ಚು ಜನ ಸತ್ತರು, ಬಹಳ ಜನ ಇಪ್ಪತ್ತು-ಮೂವತ್ತರ ಹರೆಯದವರು. ಆ ಸುದ್ದಿ ಓದಿದ ಮೇಲೆ ಬೇಸಿಗೆಯಲ್ಲಿ ಹುಲ್ಲುಗುಡ್ಡಕ್ಕೆ ಯಾರನ್ನೂ ಹೋಗಿ ಬನ್ನಿ ಎಂದು ಕಳಿಸುವ ಮನಸ್ಸು ನನಗಾಗಿಲ್ಲ. ನಮ್ಮ ಅರಣ್ಯ ಇಲಾಖೆ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಇಂಥ ಹಾದಿಗಳನ್ನು ಸಾಮಾನ್ಯವಾಗಿ ಮುಚ್ಚಿಬಿಡುವುದಕ್ಕೆ ಇದೇ ಕಾರಣ. ಆ ಬಾಗಿಲನ್ನು ತಪ್ಪಿಸಿ ಬೇರೆ ದಾರಿಯಿಂದ ಕರೆದೊಯ್ಯುತ್ತೇವೆ ಎನ್ನುವವರು ಸಿಗುತ್ತಾರೆ. ಅವರ ಮಾತಿಗೆ ಮರುಳಾಗಬೇಡಿ.

ಬೆಂಕಿಯ ಜೊತೆಗೆ ನೀರಿನ ಪ್ರಶ್ನೆಯೂ ಇದೆ. ಕುಮಾರ ಪರ್ವತದ ಹಾದಿಯ ಕಲ್ಲುಮಂಟಪದ ಹತ್ತಿರ ಮಳೆ ಕಳೆದ ತಿಂಗಳುಗಳಲ್ಲಿ ಹರಿಯುವ ಝರಿ ಬೇಸಿಗೆಯಲ್ಲಿ ಬತ್ತುತ್ತದೆ. ಬಿಸಿಲಲ್ಲಿ ಏರು ಹತ್ತುವವನಿಗೆ ತಾಸಿಗೆ ಅರ್ಧ ಲೀಟರಿಗೆ ಕಡಿಮೆ ನೀರು ಸಾಲದು. ಲೀಟರು ಅಂದರೆ ಒಂದು ಕಿಲೋ ಭಾರ. ದಿನದ ನೀರನ್ನೆಲ್ಲ ಕೆಳಗಿನಿಂದಲೇ ಹೊರಬೇಕಾದರೆ ಬೆನ್ನ ಮೇಲೆ ಬೇರೆ ಏನನ್ನೂ ಹೇರಲಾಗದು. ಸಾವಿರ ಮೀಟರ್ ಏರಿದರೆ ತಾಪಮಾನ ಆರೂವರೆ ಡಿಗ್ರಿ ಇಳಿಯುವುದರಿಂದ ಮೇಲೆ ತಂಪಾಗಿರುತ್ತದೆ ಎಂದು ನಂಬಿ ಹೋಗುವವರಿದ್ದಾರೆ. ಗಾಳಿ ತಂಪಿರಬಹುದು, ನೆರಳಿಲ್ಲದ ಜಾಗದ ಬಿಸಿಲಿಗೆ ಆ ವಿನಾಯಿತಿ ಇಲ್ಲ. ಇನ್ನು ಮಧ್ಯಾಹ್ನ ಮೂರರ ಮೇಲೆ ಕರಿಮೋಡ ಕಟ್ಟಿ ಬರುವ ಅಶ್ವಿನಿ, ಭರಣಿಯ ಅಡ್ಡಮಳೆಗೆ ಮೊದಲು ಬರುವುದು ಸಿಡಿಲು. ಬೋಳುಗುಡ್ಡದಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ.

ಆಯಿತು, ಈಗ ಮನೆಗೆ ಬರೋಣ.

ಶಿರಸಿ ಸೀಮೆಯ ಅಡಕೆ ತೋಟದ ಮನೆಯೊಂದರ ಏಪ್ರಿಲ್ ಬೆಳಗು ಐದೂವರೆಗೇ ಶುರುವಾಗುತ್ತದೆ. ಕೊಟ್ಟಿಗೆ ಕೆಲಸ, ಹಾಲು ಕರೆಯುವುದು ಮುಗಿದು ಆಸರಿಗೆ ಕುಡಿದವರೇ ಬಿಸಿಲೇರುವ ಮೊದಲು ಹೊರಗಿನ ಕೆಲಸಕ್ಕೆ ಇಳಿಯುತ್ತಾರೆ. ಹತ್ತು ಗಂಟೆ ಹೊತ್ತಿಗೆ ದೋಸೆ, ಜೋನಿ ಬೆಲ್ಲ, ತುಪ್ಪ ಮುಗಿದು ಎರಡನೇ ಸುತ್ತಿನ ಕೆಲಸ ನಡೆದಿರುತ್ತದೆ. ಮಧ್ಯಾಹ್ನದ ಊಟಕ್ಕೆ ಒಂದೆಲಗದ ತಂಬುಳಿ, ಅಪ್ಪೆಹುಳಿ, ಮಜ್ಜಿಗೆ. ಊಟವಾದ ಮೇಲೆ ಮಣ್ಣಿನ ಗೋಡೆಯ ನಡುಮನೆಯ ತಂಪು ನೆಲದ ಮೇಲೆ ಚಾಪೆ ಹಾಸಿ ಒಂದು ನಿದ್ದೆ. ಮೂರೂವರೆಗೆ ಎದ್ದು ಮತ್ತೆ ಕೆಲಸ. ಇದನ್ನು ಸೋಮಾರಿತನ ಎಂದು ತಿಳಿಯುವ ಪೇಟೆಯ ನೆಂಟರಿದ್ದಾರೆ. ಬಿಸಿಲಿನ ನಾಡಿನಲ್ಲಿ ದೇಹದ ದುಡಿಮೆಯನ್ನು ಹೊತ್ತಿಗೆ ತಕ್ಕಂತೆ ಹಂಚುವ ಜಾಣತನ ಅದು. ಚಾರಣದ ದಿನಚರಿಯನ್ನೂ ಹೀಗೇ ಹಾಕಬೇಕು: ಏರೆಲ್ಲ ಹತ್ತು ಗಂಟೆಯೊಳಗೆ, ನಡು ಮಧ್ಯಾಹ್ನ ನೆರಳಲ್ಲಿ, ಇಳಿಜಾರು ಬಿಸಿಲು ಬಾಗಿದ ಮೇಲೆ.

ಆ ಮನೆಯವರು ಬೇಸಿಗೆಯಿಡೀ ಮಾಡುವುದೇನು? ಜೂನ್ ಮೊದಲ ವಾರ ಮೃಗಶಿರ ಹಿಡಿದರೆ ಆಮೇಲೆ ಕಟ್ಟಿಗೆ ಒಣಗುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಪೇಟೆಗೆ ಹೋಗುವ ದಾರಿಯಲ್ಲಿ ಹಳ್ಳ ತುಂಬಿರುತ್ತದೆ. ಅಷ್ಟರೊಳಗೆ ಕಟ್ಟಿಗೆ ಒಡೆದು ಕೊಟ್ಟಿಗೆಯ ಪಕ್ಕ ಒಟ್ಟಬೇಕು. ಬೆಟ್ಟದಿಂದ ಒಣ ಎಲೆಯ ದರಕು ಗುಡಿಸಿ ತಂದು ಗೊಬ್ಬರದ ಮನೆ ತುಂಬಬೇಕು. ಹೆಂಚು ಕೈಯಾಡಿಸಬೇಕು. ಗೋಡೆಗೆ ಇರುಚಲು ಹೊಡೆಯದಂತೆ ಅಡಕೆ ಸೋಗೆಯ ತಟ್ಟಿ ಕಟ್ಟಬೇಕು. ಹುಣಸೆ, ಮೆಣಸು, ವಾಟೆ, ಮುರುಗಲು ಸಿಪ್ಪೆ ಒಣಗಿಸಿ ಡಬ್ಬಿಗೆ ತುಂಬಬೇಕು. ಪ್ರತಿಯೊಂದಕ್ಕೂ ಲೆಕ್ಕವಿದೆ. ಉಣ್ಣುವ ಬಾಯಿ ಎಷ್ಟು, ಶ್ರಾವಣದಲ್ಲಿ ಬರುವ ನೆಂಟರು ಎಷ್ಟು, ಕಳೆದ ವರ್ಷ ಏನು ಕಡಿಮೆ ಬಿತ್ತು, ಏನು ಉಳಿದು ಬೂಸಲು ಹಿಡಿಯಿತು. ಮೊದಲು ಬೇಕಾಗುವುದು ಕೈಗೆ ಸಿಗುವಂತೆ ಮುಂದೆ, ಕೊನೆಗೆ ಬೇಕಾಗುವುದು ಅಟ್ಟದ ಮೂಲೆಯಲ್ಲಿ. ಚಾರಣದ ಚೀಲ ತುಂಬುವವರು ಕಲಿಯಬೇಕಾದ ಲೆಕ್ಕವೂ ಇಷ್ಟೇ, ಅಳತೆ ಮಾತ್ರ ಸಣ್ಣದು.

ಹಲಸಿನ ಹಪ್ಪಳದ ದಿನವನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಾಯಿ ಬಲಿತಿರಬೇಕು, ಹಣ್ಣಿಗೆ ತಿರುಗಿರಬಾರದು. ಸ್ವಲ್ಪ ಸಿಹಿ ಸೇರಿದರೂ ಹಪ್ಪಳ ಕರಿದಾಗ ಕೆಂಪಗಾಗಿ ಕಹಿ ಹತ್ತುತ್ತದೆ. ಕೈಗೂ ಕತ್ತಿಗೂ ಎಣ್ಣೆ ಸವರಿಕೊಂಡು ಕಾಯಿ ಸೀಳಿ, ಮೇಣ ಒರೆಸಿ, ತೊಳೆ ಬಿಡಿಸಿ, ಬೇಳೆ ಬೇರೆ ಮಾಡಿ ಬೇಯಿಸಬೇಕು. ಬಿಸಿಯಿರುವಾಗಲೇ ಒರಳಿಗೆ ಹಾಕಿ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಒನಕೆಯಲ್ಲಿ ಕುಟ್ಟಿದರೆ ಜಿಗುಟು ಹಿಟ್ಟು ಆಗುತ್ತದೆ. ಮಕ್ಕಳು ಅಲ್ಲೇ ಕಾದಿದ್ದು ಒಂದೊಂದು ಉಂಡೆ ಇಸಿದುಕೊಂಡು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ತಿನ್ನುವುದುಂಟು. ಜಗಲಿಯಲ್ಲಿ ಸಾಲಾಗಿ ಕೂತವರಲ್ಲಿ ಒಬ್ಬರು ಉಂಡೆ ಕಟ್ಟುತ್ತಾರೆ, ಒಬ್ಬರು ಎರಡು ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುತ್ತಾರೆ, ಮತ್ತೊಬ್ಬರು ಅಂಗಳದ ಚಾಪೆಯ ಮೇಲೆ ಬಿಡಿಸುತ್ತಾರೆ. ಮಧ್ಯಾಹ್ನ ಒಮ್ಮೆ ಮಗುಚಿ ಹಾಕಬೇಕು. ಕಾಗೆ ಓಡಿಸಲು ಕೋಲು ಹಿಡಿದು ಕೂರುವುದು ಮನೆಯ ಕಿರಿಯರ ಪಾಲಿನ ಕೆಲಸ. ಹೊಗೆಮೋಡ ಕಂಡರೆ ಇಡೀ ಮನೆ ಎದ್ದು ಓಡಿ ಚಾಪೆ ಎತ್ತುತ್ತದೆ. ಆಕಾಶ ನೋಡಿ ಇನ್ನು ಎಷ್ಟು ಹೊತ್ತಿಗೆ ಮಳೆ ಎಂದು ಹೇಳುವ ಕಲೆ ಈ ಅಂಗಳದಲ್ಲಿ ಕುಳಿತು ಬಂದದ್ದು. ಗುಡ್ಡದ ಮೇಲೆ ಅದಕ್ಕಿಂತ ಉಪಯೋಗದ ವಿದ್ಯೆ ಇನ್ನೊಂದಿಲ್ಲ.

ಸಿಡಿಲಿನ ಅಂದಾಜನ್ನೂ ಈ ಜಗಲಿಯಲ್ಲೇ ರೂಢಿಸಿಕೊಳ್ಳಬಹುದು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಎಣಿಕೆ ಮೂವತ್ತರ ಒಳಗಿದ್ದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಅಂದರೆ ನಿಮ್ಮ ತಲೆಯ ಮೇಲೂ ಬೀಳಬಹುದು. ತಕ್ಷಣ ಮನೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹೊರಗೆ ಬರಬಾರದು. ಬಯಲಲ್ಲಿ ಸಿಕ್ಕಿಬಿದ್ದರೆ ಒಂಟಿ ಮರದ ಬುಡ ಕೂಡದು, ಗುಡ್ಡದ ನೆತ್ತಿ ಬಿಟ್ಟು ತಗ್ಗಿಗೆ ಇಳಿಯಬೇಕು.

ಈ ವರ್ಷ ರಜೆಗೆ ಬಂದ ಅಕ್ಕನ ಮಗನ ಚೀಲವನ್ನು ಅಡಕೆ ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿದೆವು. ಮುಳ್ಳು ಹದಿನೇಳು ಕಿಲೋದಲ್ಲಿ ನಿಂತಿತು. ಹುಡುಗನ ತೂಕ ಐವತ್ತೆಂಟು. ನೋಡುತ್ತಿದ್ದ ನನ್ನ ಆಯಿ, "ಇಷ್ಟೆಲ್ಲಾ ಹೊತ್ಕಂಡು ಹೋಗ್ತ್ಯನಾ ತಮಾ?" ಎಂದು ಕೇಳಿದಳು. "ಎಲ್ಲಾ ಬೇಕಾಗ್ತು ಅಮ್ಮಮ್ಮ" ಎಂದ. ಹೊರುವ ಭಾರ ಮೈತೂಕದ ಐದನೇ ಒಂದು ಪಾಲು ಮೀರಬಾರದು ಎಂಬುದು ಚಾರಣಿಗರ ಹಳೆಯ ನಿಯಮ. ಇವನಿಗೆ ಹನ್ನೊಂದೂವರೆ ಕಿಲೋ, ಅದೂ ನೀರು ಸೇರಿ. ಜಗಲಿಯ ಮೇಲೆ ಚಾಪೆ ಹಾಸಿ ಚೀಲ ಸುರಿಯಲು ಹೇಳಿದೆ. ಎರಡು ಜೀನ್ಸ್ ಪ್ಯಾಂಟು, ಇನ್ನೊಂದು ಜೊತೆ ಬೂಟು, ಹತ್ತಿಯ ದಪ್ಪ ಟವೆಲು, ದೊಡ್ಡ ಶಾಂಪೂ ಬಾಟಲಿ, ಇಟ್ಟಿಗೆಯಷ್ಟು ಭಾರದ ಪವರ್ ಬ್ಯಾಂಕು, ಡಬ್ಬಿಯಲ್ಲಿ ಬಂದ ತಿಂಡಿಗಳು. ಆಯಿ ತಾನೇ ಕೂತು ಆರಿಸತೊಡಗಿದಳು. ಒಂದೊಂದನ್ನೂ ಎತ್ತಿ ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುವುದು, ಏನೂ ಆಗುವುದಿಲ್ಲ ಎಂದರೆ ಬದಿಗಿಡುವುದು. ಜೀನ್ಸಿನ ಬದಲು ತೊಳೆದರೆ ಬೇಗ ಒಣಗುವ ಹಗುರ ಪ್ಯಾಂಟು ಬಂತು, ಟವೆಲಿನ ಬದಲು ಪಾಣಿಪಂಚೆ. ಪಾಣಿಪಂಚೆಯೊಂದೇ ಮೈ ಒರೆಸಲು, ತಲೆಗೆ ಕಟ್ಟಲು, ಬುತ್ತಿ ಗಂಟು ಕಟ್ಟಲು, ಕಾಲು ಉಳುಕಿದರೆ ಸುತ್ತಲು ಆಗುತ್ತದೆ. ಕೊನೆಗೆ ಮೂರು ಲೀಟರ್ ನೀರು ತುಂಬಿಸಿ ತೂಗಿದಾಗ ಮುಳ್ಳು ಹನ್ನೊಂದರ ಒಳಗೆ ಇತ್ತು.

ತುಂಬುವ ಕ್ರಮಕ್ಕೂ ಅರ್ಥವಿದೆ. ಹಗುರವಾದ, ರಾತ್ರಿಗಷ್ಟೇ ಬೇಕಾಗುವ ಮಲಗುಚೀಲ ತಳಕ್ಕೆ. ಭಾರದ ಊಟ-ನೀರು ಬೆನ್ನಿಗೆ ತಾಗಿಕೊಂಡು, ಭುಜದ ಎಲುಬುಗಳ ನಡುವೆ. ಭಾರ ಬೆನ್ನಿನಿಂದ ದೂರ ಹೋದಷ್ಟೂ ಅದು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ನೀವು ಮುಂದೆ ಬಾಗುತ್ತೀರಿ, ಸಂಜೆಗೆ ಸೊಂಟ ಹಿಡಿಯುತ್ತದೆ. ರೈನ್‌ಕೋಟು, ಬ್ಯಾಟರಿ, ಔಷಧದ ಪೊಟ್ಟಣ ಮೇಲ್ಗಡೆ. ಸೊಂಟಪಟ್ಟಿ ಬಿಗಿದರೆ ಭಾರದ ದೊಡ್ಡ ಪಾಲು ಸೊಂಟಕ್ಕೆ ಇಳಿದು ಹೆಗಲು ಹಗುರಾಗುತ್ತದೆ. ಬಹಳ ಜನ ಈ ಪಟ್ಟಿಯನ್ನು ಸುಮ್ಮನೆ ಜೋತಾಡಲು ಬಿಟ್ಟುಕೊಂಡು ನಡೆಯುತ್ತಾರೆ.

ಬುತ್ತಿಗೆ ಅಂಗಡಿ ಅಲೆಯಬೇಕಿಲ್ಲ. ದಿನವಿಡೀ ಏರು ನಡೆಯುವವನಿಗೆ ಸುಮಾರು ಮೂರು ಸಾವಿರ ಕಿಲೋಕ್ಯಾಲರಿ ಬೇಕು ಎಂದಿಟ್ಟುಕೊಳ್ಳಿ. ಶೇಂಗಾದಲ್ಲಿ 100 ಗ್ರಾಮಿಗೆ ಸುಮಾರು 560 ಇದೆ, ಬೆಲ್ಲದಲ್ಲಿ 380ರ ಹತ್ತಿರ, ಅವಲಕ್ಕಿಯಲ್ಲಿ 350ರ ಹತ್ತಿರ. ಇವಕ್ಕೆ ಒಲೆ ಬೇಡ, ಕೆಡುವ ಭಯವಿಲ್ಲ, ನೀರಿನ ಭಾರವಿಲ್ಲ. ಎಲ್ಲಕ್ಕಿಂತ ನನಗೆ ಇಷ್ಟ ಉತ್ತರ ಕನ್ನಡದ ಸುಕೇಳಿ. ಹಸಿ ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರೇ. ಸಿಪ್ಪೆ ಸುಲಿದು ಬೇಸಿಗೆಯ ಬಿಸಿಲಲ್ಲಿ ದಿನಗಟ್ಟಲೆ ಒಣಗಿಸಿದರೆ ನೀರು ಹೋಗಿ, ಜೇನುಬಣ್ಣದ, ಜಗಿದಷ್ಟೂ ಸಿಹಿ ಬಿಡುವ ಗಟ್ಟಿ ಹಣ್ಣು ಉಳಿಯುತ್ತದೆ. ತಿಂಗಳುಗಟ್ಟಲೆ ಇಟ್ಟರೂ ಹಾಳಾಗದು. ಏಪ್ರಿಲಿನಲ್ಲಿ ಒಣಗಿಸಿದ್ದು ಕಾರ್ತಿಕದ ಗುಡ್ಡಕ್ಕೆ ಒದಗುತ್ತದೆ. ಇದರ ಜೊತೆ ಹುರಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿಯ ಒಂದು ಸಣ್ಣ ಡಬ್ಬಿ. ಅಪ್ಪೆಮಿಡಿಯ ಉಪ್ಪಿನಕಾಯಿ ಆದರೆ ಕೇಳುವುದೇ ಬೇಡ. ಮಾವು ಇನ್ನೂ ಎಳೆಮಿಡಿ ಇರುವಾಗ, ನೆಲಕ್ಕೆ ಬಿದ್ದು ಪೆಟ್ಟಾಗದಂತೆ ತೊಟ್ಟುಸಮೇತ ಕೊಯ್ದು, ಉಪ್ಪಲ್ಲಿ ವಾರಗಟ್ಟಲೆ ಮುಳುಗಿಸಿ, ಮಿಡಿ ಚಿರುಟಿದ ಮೇಲೆ ಸಾಸಿವೆ-ಮೆಣಸಿನ ಮಸಾಲೆ ಕಲಸುತ್ತಾರೆ. ಆ ಸೊನೆಯ ಪರಿಮಳ ವರ್ಷ ಕಳೆದರೂ ಹೋಗುವುದಿಲ್ಲ. ಬೆವರಿ ಬಸವಳಿದ ಹೊತ್ತಿನಲ್ಲಿ ಉಪ್ಪು ಕೂಡ ಮೈಗೆ ಬೇಕೇ ಬೇಕು. ವಾಂತಿ-ಭೇದಿಯಾಗಿ ನೀರಿಳಿದುಹೋದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಈ ಅಳತೆ ಬಾಯಿಪಾಠ ಇರಲಿ.

ಇನ್ನು ಕಾಲುಗಳ ತಯಾರಿ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಲೆಕ್ಕ ಹೇಳಿಕೊಟ್ಟ. ಸಮತಟ್ಟಿನಲ್ಲಿ ಐದು ಕಿಲೋಮೀಟರಿಗೆ ಒಂದು ತಾಸು, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಸುಮಾರು 13 ಕಿಲೋಮೀಟರ್, ಏರು ಸುಮಾರು 1,600 ಮೀಟರ್. ಲೆಕ್ಕ ಹಾಕಿದರೆ ಐದೂಕಾಲು ತಾಸು ಬರುತ್ತದೆ. ಅದು ಗಟ್ಟಿ ನಡಿಗೆಯವನ ಲೆಕ್ಕ, ವಿಶ್ರಾಂತಿ ಸೇರಿಲ್ಲ. ಬೆನ್ನ ಮೇಲೆ ಭಾರವಿದ್ದು ನಡುನಡುವೆ ಕೂತು ಏಳುವ ನಮ್ಮಂಥವರು ಏಳೆಂಟು ತಾಸು ಹಿಡಿಯಬೇಕು. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆ ಸಿಕ್ಕರೆ ಜಗಲಿಯಲ್ಲಿ ಹರಡಿಕೊಂಡು ಕೂರಿ. ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಕಂದು ಗೆರೆಗಳ ನಡುವಿನ ಎತ್ತರ 20 ಮೀಟರ್, ಗೆರೆಗಳು ಒತ್ತೊತ್ತಾಗಿದ್ದಲ್ಲಿ ಏರು ಕಡಿದು. ನಿಮ್ಮದೇ ಊರಿನ ಹಾಳೆ ತೆಗೆದು ಮನೆ, ಕೆರೆ, ಬೆಟ್ಟ ಗುರುತಿಸಿ, ಮರುದಿನ ಅದೇ ಬೆಟ್ಟ ಹತ್ತಿ ನೋಡಿದರೆ ಗೆರೆಗಳು ಕಾಲಿಗೇ ಅರ್ಥವಾಗುತ್ತವೆ.

ಮನೆ ಹಿಂದಿನ ಸೊಪ್ಪಿನ ಬೆಟ್ಟವೇ ಅಭ್ಯಾಸದ ಗುಡ್ಡ. ಬೆಳಿಗ್ಗೆ ಆರಕ್ಕೆ ಹೊರಟು, ದಣಪೆ ದಾಟಿ, ಬೆನ್ನ ಮೇಲೆ ಮೊದಲ ವಾರ ಬರೀ ನೀರು, ಆಮೇಲೆ ವಾರಕ್ಕೆ ಎರಡು ಕಿಲೋದಂತೆ ಏರಿಸುತ್ತ ಹೋಗಿ. ಬೆಟ್ಟ ನೂರು ಮೀಟರ್ ಎತ್ತರವಿದ್ದರೆ ಮೂರು ಸಲ ಹತ್ತಿಳಿದರೆ ಮುನ್ನೂರು ಮೀಟರ್ ಏರಿದ ಹಾಗಾಯಿತು. ಇಳಿಯುವುದನ್ನು ಕಡೆಗಣಿಸಬೇಡಿ. ಚಾರಣಿಗರ ಮಂಡಿ ಸೋಲುವುದು ಹತ್ತುವಾಗ ಅಲ್ಲ, ಇಳಿಯುವಾಗ. ದರಕಿನ ಕಲ್ಲಿ ಹೊತ್ತು ಬರುವ ಆಳುಮಕ್ಕಳನ್ನು ಗಮನಿಸಿ. ಇಳಿಜಾರಿನಲ್ಲಿ ಅವರ ಹೆಜ್ಜೆ ಪುಟ್ಟದು, ಮಂಡಿ ಸ್ವಲ್ಪ ಮಡಿಚಿರುತ್ತದೆ, ಪಾದ ಪೂರ್ತಿ ಊರಿದ ಮೇಲೆಯೇ ಮುಂದಿನ ಹೆಜ್ಜೆ. ಹೊಸ ಬೂಟು ತಂದಿದ್ದರೆ ಈಗಲೇ ಹಾಕಿ ಪಳಗಿಸಿ. ಗುಳ್ಳೆ ಏಳುವುದಿದ್ದರೆ ಮನೆ ಹತ್ತಿರವೇ ಏಳಲಿ.

ಈ ನಡಿಗೆಗಳಲ್ಲಿ ಸಿಗುವುದು ಅಭ್ಯಾಸವೊಂದೇ ಅಲ್ಲ. ಬೇಲಿಸಾಲಿನಲ್ಲಿ ಕವಳಿ ಹಣ್ಣು ಕಪ್ಪಾಗಿರುತ್ತದೆ, ಮುರುಗಲು ಮರದ ಬುಡದಲ್ಲಿ ಕೆಂಪು ಹಣ್ಣು ಉದುರಿರುತ್ತದೆ. ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮರಿ ಮಾಡುವ ಕಾಲವೂ ಇದೇ. ಗಂಡು ಹಣ್ಣು ಹೊತ್ತು ತಂದು ಸೀಳುಕಿಂಡಿಯಿಂದ ಉಣಿಸುವುದನ್ನು ದೂರದಿಂದ, ಸದ್ದಿಲ್ಲದೆ ನೋಡಬಹುದು. ಹತ್ತಿರ ಹೋಗಬಾರದು. ಮೇ ಕೊನೆಯಲ್ಲಿ ಮೊದಲ ಮಳೆಯ ವಾಸನೆ ಬರುವಾಗ ಕಾಡಂಚಿನ ಮರಗಳಲ್ಲಿ ಮಿಂಚುಹುಳುಗಳು ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುವುದನ್ನು ನೋಡಲು ದೂರದೂರಿನಿಂದ ಜನ ಬರುತ್ತಾರೆ. ಹಳ್ಳಿಮನೆಯಲ್ಲಿದ್ದವರಿಗೆ ಅದು ಅಂಗಳ ದಾಟಿದರೆ ಸಿಗುತ್ತದೆ. ಟಾರ್ಚು ಆರಿಸಿ ನಿಲ್ಲುವಷ್ಟು ತಾಳ್ಮೆ ಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಮಲೆನಾಡಿನ ಬೇಸಿಗೆ ಕಾಡಿನಲ್ಲಿ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದರಿಂದ ಜಗತ್ತು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಕರೆಯುತ್ತದೆ. ಹರಡುವುದು ಉಣುಗಿನ ಕಚ್ಚುವಿಕೆಯಿಂದ. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಮರಿಗಳು ಒಣ ಎಲೆಗಳ ಮೇಲೆ ಹೆಚ್ಚಿರುತ್ತವೆ, ಸಾಸಿವೆಗಿಂತ ಸಣ್ಣವು, ಕಚ್ಚಿದ್ದು ತಿಳಿಯುವುದೇ ಇಲ್ಲ. ದರಕು ತರುವವರು, ದನ ಕಾಯುವವರು, ಕಟ್ಟಿಗೆಗೆ ಹೋಗುವವರು ಈ ಕಾಯಿಲೆಗೆ ಹೆಚ್ಚು ತುತ್ತಾಗಿದ್ದಾರೆ. ಶಿವಮೊಗ್ಗ, ಉತ್ತರ ಕನ್ನಡದ ಎಷ್ಟೋ ಮನೆಗಳು ಇದರಿಂದ ನೊಂದಿವೆ. ಹಾಗಾಗಿ ಮಂಗ ಸತ್ತ ಸುದ್ದಿ ಇರುವ ಕಡೆಗೆ ನಡಿಗೆ ಬೇಡ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೋಗುವಾಗ ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲ್ಚೀಲದೊಳಗೆ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ. ಎಲೆರಾಶಿಯ ಮೇಲೆ ಕೂರಬೇಡಿ. ಬಂದ ತಕ್ಷಣ ಹಂಡೆಯ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ, ಬಟ್ಟೆ ಬಿಸಿನೀರಿಗೆ. ಒಂದು ವಾರದೊಳಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ ವೈದ್ಯರಿಗೆ ಕಾಡಿಗೆ ಹೋಗಿದ್ದ ಸಂಗತಿಯನ್ನು ಮೊದಲು ಹೇಳಿ. ಬೆಂಗಳೂರಿಗೆ ಮರಳಿದ ಮೇಲೆ ಜ್ವರ ಬಂದರಂತೂ ಇದನ್ನು ಮರೆಯಲೇಬಾರದು, ಅಲ್ಲಿನ ವೈದ್ಯರಿಗೆ ಮೊದಲು ತಲೆಗೆ ಹೊಳೆಯುವುದು ಡೆಂಗಿಯೇ.

ಮಳೆಗಾಲ ಕಳೆದು ಕಾರ್ತಿಕ ಬಂತೆಂದರೆ ಗುಡ್ಡ ಹಸಿರಾಗಿರುತ್ತದೆ, ಝರಿಗಳಲ್ಲಿ ನೀರಿರುತ್ತದೆ, ಗಾಳಿ ತೊಳೆದಿಟ್ಟ ಹಾಗಿದ್ದು ದೂರದ ಸಾಲುಗಳೂ ಕಾಣುತ್ತವೆ. ನೆರಳಿನ ಕಾಡಿನಲ್ಲಿ ಇಂಬಳಗಳು ಇನ್ನೂ ಇರುತ್ತವೆ. ಸುಣ್ಣ-ಹೊಗೆಸೊಪ್ಪಿನ ಪೊಟ್ಟಣವೊಂದು ಜೇಬಿನಲ್ಲಿದ್ದರೆ ಸಾಕು. ಈಗ ಹಿಂದಿನಂತೆ ಮನಸ್ಸಾದಾಗ ಹೋಗಿ ಹತ್ತುವ ಹಾಗಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಕಿಕ್ಕಿರಿದು ಜನ ಸೇರಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಹಾದಿಗಳಲ್ಲಿ ಚಾರಣ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು, ಒಂದು ಹಾದಿಗೆ ದಿನಕ್ಕೆ 300 ಜನರ ಮಿತಿಯೂ ಬಂತು. ಈ ಮಿತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಹಾದಿ ಸವೆದು ಕೊರಕಲಾಗುವುದು, ಪ್ಲಾಸ್ಟಿಕ್ ರಾಶಿ ಬೀಳುವುದು, ಝರಿಯ ನೀರು ಹೊಲಸಾಗುವುದು ಎಲ್ಲವೂ ಜನ ಹೆಚ್ಚಿದ್ದರಿಂದಲೇ. ಶಿಖರದಲ್ಲಿ ಟೆಂಟು ಹಾಕಿ ರಾತ್ರಿ ಕಳೆಯಲು ಬಿಡುವುದಿಲ್ಲ, ಅದೂ ಸರಿಯೇ. ಹೊತ್ತು ಮುಳುಗುವ ಮೊದಲು ಇಳಿದಾಗುವಂತೆ ಲೆಕ್ಕ ಹಾಕಬೇಕು, ತೆರೆದಿರುವ ದಿನ ಮತ್ತು ಆಗಿನ ನಿಯಮಗಳನ್ನು ಹೊರಡುವ ಮೊದಲು ಜಾಲತಾಣದಲ್ಲಿ ನೋಡಿಕೊಳ್ಳಬೇಕು.

ಅಕ್ಕನ ಮಗ ಚೀಲವನ್ನು ಅಟ್ಟಕ್ಕೇರಿಸಿ ಊರಲ್ಲೇ ಉಳಿದಿದ್ದಾನೆ. ಬೆಳಿಗ್ಗೆ ಬೆಟ್ಟ, ಹಗಲು ಹಪ್ಪಳ. ನವೆಂಬರಿಗೆ ಯಾವ ದಿನ ಹಿಡಿಯಲಿ ಮಾವ ಎಂದು ಕೇಳಿದಾಗ ಪಂಚಾಂಗ ಕೊಟ್ಟೆ. ಕುಕ್ಕೆಯಲ್ಲಿ ಮಾರ್ಗಶಿರ ಶುದ್ಧ ಷಷ್ಠಿಗೆ ಚಂಪಾಷಷ್ಠಿಯ ರಥೋತ್ಸವ, ನವೆಂಬರ್ ಕೊನೆಗೋ ಡಿಸೆಂಬರಿಗೋ ಬೀಳುತ್ತದೆ. ಆ ಆಸುಪಾಸಿನಲ್ಲಿ ಊರಲ್ಲಿ ಕೋಣೆ ಸಿಗುವುದಿಲ್ಲ, ಬಸ್ಸಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶನಿವಾರ-ಭಾನುವಾರವೂ ಬೇಡ. ಅದಕ್ಕಿಂತ ಮೊದಲಿನ ಯಾವುದಾದರೂ ಬುಧವಾರ ಹಿಡಿದು, ಹಿಂದಿನ ಸಂಜೆಯೇ ರೈಲಿನಲ್ಲಿ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದು ಕುಕ್ಕೆ ಸೇರಿಕೊಂಡರೆ, ಬೆಳಕು ಹರಿಯುವ ಹೊತ್ತಿಗೆ ಕಾಡಿನ ನೆರಳಿನಲ್ಲಿ ಏರು ಶುರುಮಾಡಬಹುದು.